ಫೋಟೋಕ್ಕೆ ಕೂತ ಚಿಕ್ಕಮಾದಯ್ಯ

ಕೊಳ್ಳೇಗಾಲದ ನೇಕಾರರು ಮಗ್ಗ ನಿಲ್ಲಿಸಿ ಹನ್ನೆರಡು ದಿನವಾಗಿತ್ತು. ಸಾಹುಕಾರ ಕೆಂಪನಂಜಪ್ಪ ರೇಷ್ಮೆಗೆ ನೀರು ಚಿಮುಕಿಸಿ ತೂಗಿಕೊಡುತ್ತಿದ್ದ. ಸೀರೆ ಒಣಗಿ ತೂಕ ಇಳಿದರೆ ನೇಕಾರನೇ ಕಳ್ಳ. ಒಣ ರೇಷ್ಮೆ ಕೊಡುವ ತನಕ ಮಗ್ಗ ಮುಟ್ಟುವುದಿಲ್ಲವೆಂದು ಮಾದಪ್ಪನ ಮೇಲೆ ಮೊದಲು ಆಣೆಯಿಟ್ಟವನೇ ಚಿಕ್ಕಮಾದಯ್ಯ. ಬೀದಿಯ ಮರ್ಯಾದೆಯೆಲ್ಲ ಅವನ ಹೆಗಲ ಮೇಲಿತ್ತು.

ಅಂಥ ಹೊತ್ತಿನಲ್ಲಿ ಮೈಸೂರಿನ ಒಂದು ವಾರಪತ್ರಿಕೆಯ ಪುಟ್ಟಬಸಪ್ಪ ಕ್ಯಾಮೆರಾ ನೇತುಹಾಕಿಕೊಂಡು ಬಂದಿಳಿದ. ಕಲ್ಲು ಬಿದ್ದಿಲ್ಲ, ತಲೆ ಒಡೆದಿಲ್ಲ, ಇದೆಂಥ ಮುಷ್ಕರವೆಂದು ಅವನಿಗೆ ಬೇಜಾರು. ಕೊನೆಗೆ, ನಿಂತ ಮಗ್ಗದಲ್ಲಿ ನೊಂದ ನೇಕಾರ ಕೂತಿರುವ ಫೋಟೋ ಬೇಕೆಂದ. ಚಿಕ್ಕಮಾದಯ್ಯ, ಪಾಪ, ತಲೆ ಬಾಚಿಕೊಂಡು ಕೂತ. ಎದುರಿಗೇ ಒಂದು ಎಳೆ ಕಡಿದು ನೇತಾಡುತ್ತಿತ್ತು. ಇಪ್ಪತ್ತು ವರ್ಷ ನೇಯ್ದ ಕೈ, ಸುಮ್ಮನಿರುತ್ತದೆಯೇ? ಹೋಗಿ ಗಂಟು ಹಾಕಿಯೇಬಿಟ್ಟಿತು. ಅದೇ ಗಳಿಗೆಗೆ ಕ್ಯಾಮೆರಾ ಟಕ್ಕೆಂದಿತು.

ಶುಕ್ರವಾರದ ಬಸ್ಸಿನಲ್ಲಿ ಪತ್ರಿಕೆ ಬಂತು. ಮುಖಪುಟದಲ್ಲೇ ಚಿತ್ರ, ಕೆಳಗೆ, ‘ಮುಷ್ಕರ ಮುರಿದುಬಿತ್ತು! ಮಗ್ಗಕ್ಕೆ ಮರಳಿದ ಮುಖಂಡ!’ ಎಂದಿತ್ತು. ಎಂದೂ ಹತ್ತು ಪ್ರತಿ ಖರ್ಚಾಗದ ಪತ್ರಿಕೆ ಅಂದು ಬಸ್‌ಸ್ಟ್ಯಾಂಡಿನಲ್ಲೇ ಮುಗಿದುಹೋಯಿತು. ಬೀದಿಯವರು ಚಿಕ್ಕಮಾದಯ್ಯನ ಜೊತೆ ಮಾತು ಬಿಟ್ಟರು. ಹೆಂಡತಿ ರಾಮಮ್ಮ ತಟ್ಟೆ ಕುಕ್ಕಿದಳು.

“ಆಣೆ ಇಟ್ಟ ಬಾಯಿ ಒಂದು, ಗಂಟಾಕಿದ ಕೈ ಒಂದು. ಯಾವ್ದುಕ್ಕೆ ಮುದ್ದೆ ಇಕ್ಲಿ?”

ಚಿಕ್ಕಮಾದಯ್ಯನಿಗೆ ನಾಚಿಕೆಯಿಂದ ಜೀವವೇ ಹೋದಂತಾಯಿತು.

ಅದೇ ಪತ್ರಿಕೆಯನ್ನು ಯಳಂದೂರಿನ ಬೀಗರ ಪಡಸಾಲೆಯಲ್ಲಿ ಕೆಂಪನಂಜಪ್ಪನೂ ಓದಿ ಹಿಗ್ಗಿ ಹೀರೇಕಾಯಿಯಾದ. ಅವನ ಮಗಳ ಮದುವೆಯ ಸೀರೆಗಳು ಅರ್ಧ ನೇಯ್ದು ಮಗ್ಗದಲ್ಲೇ ನಿಂತಿದ್ದವು. ಬೇರೆ ಕಡೆಯಿಂದ ಸೀರೆ ತರಿಸಲು ಹೊರಟಿದ್ದ ಬೀಗಿತ್ತಿಯನ್ನು ತಡೆದು, ಹತ್ತೇ ದಿನದಲ್ಲಿ ನನ್ನ ಮಗ್ಗದ ಸೀರೆಯನ್ನೇ ತರುತ್ತೇನೆಂದು ನೆಂಟರೆಲ್ಲರೆದುರು ಮಾತು ಕೊಟ್ಟ. ಕೊಳ್ಳೇಗಾಲಕ್ಕೆ ಬಂದು ನೋಡಿದರೆ ಮಗ್ಗಗಳ ಮೇಲೆ ಗೋಣಿತಾಟು! ಸಾಹುಕಾರ ಪತ್ರಿಕೆ ಬಿಡಿಸಿ ಹಿಡಿದ. ಪೇಪರಿನಲ್ಲಿ ಬಂದಿದೆಯಲ್ಲ ಎಂದು ತೊದಲಿದ.

“ಅಂಗಾರೆ ಪೇಪರ್ನವ್ರ ಕೈಲೇ ನೇಯಿಸ್ಕಳಿ ಸಾವ್ಕಾರ್ರೇ,” ಎಂದ ಚಿಕ್ಕಮಾದಯ್ಯ.

ಸಂಜೆಯೊಳಗೆ ಸಾಹುಕಾರ ಒಣ ರೇಷ್ಮೆಗೆ ಒಪ್ಪಿದ. ಬೀದಿಯವರು ಚಿಕ್ಕಮಾದಯ್ಯನ ಬೆನ್ನು ತಟ್ಟಿದರು. ರಾಮಮ್ಮ ಅಂದು ಎರಡು ಮುದ್ದೆ ಇಕ್ಕಿದಳು.

ಸುದ್ದಿ ಕೇಳಿ ಪುಟ್ಟಬಸಪ್ಪ ಮತ್ತೆ ಓಡಿಬಂದ. ಹಿಂದಿನದನ್ನು ತಿದ್ದಿ ಬರೆಯುತ್ತೇನೆ, ಇನ್ನೊಂದು ಫೋಟೋ ಕೊಡಿ ಎಂದು ಗೋಗರೆದ. ಈ ಸಲ ಎಡವಟ್ಟು ಆಗಬಾರದೆಂದು ರಾಮಮ್ಮ ಮಗ್ಗದ ಪಕ್ಕ ನಿಂತು ಗಂಡನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಮುಂದಿನ ಶುಕ್ರವಾರ ಆ ಚಿತ್ರದ ಕೆಳಗೆ ಹೀಗಿತ್ತು: ‘ದುಡಿಯಲೊಲ್ಲದ ಗಂಡನನ್ನು ಮಗ್ಗಕ್ಕೆ ಎಳೆತಂದ ಹೆಂಡತಿ!’

ಚಿಕ್ಕಮಾದಯ್ಯ ತಲೆ ಚಚ್ಚಿಕೊಂಡ. ರಾಮಮ್ಮ ಮಾತ್ರ ಅದನ್ನು ಎರಡು ಸಲ ಓದಿಸಿ ಕೇಳಿದಳು.

“ಈ ಸತಿ ಸರ್ಯಾಗೇ ಬರ್ದವ್ನೆ,” ಎಂದಳು.