ಕಣ್ಣು ತೆರೆಸುವ ಕೆಲಸ

ಸತ್ತವರ ಫೋಟೋಗಳ ಮಾತನ್ನು ಖಾದರ್ ಬಾಷಾ ತೆಗೆದದ್ದು ಅವರ ಮೇಲಿನ ಸಾಕ್ಷ್ಯಚಿತ್ರದ ಶೂಟಿಂಗಿನ ಆರನೆಯ ದಿನ, ತಾವಾಗಿಯೇ. ಮೋನಿಷಾ ಕೇಳಿರಲಿಲ್ಲ. ಹಗಲು ಹೆಬ್ಬಾಳದ ಲ್ಯಾಬೊಂದರಲ್ಲಿ ರಿಪೋರ್ಟು ಟೈಪು ಮಾಡಿ, ಸಂಜೆ ತರಗತಿಯಲ್ಲಿ ಸಾಕ್ಷ್ಯಚಿತ್ರ ಕಲಿಯುತ್ತಿದ್ದವಳು ಅವಳು. ಎಪ್ಪತ್ತೆಂಟು ವರ್ಷದ ಫೋಟೋಗ್ರಾಫರರ ಬದುಕನ್ನು ಕೆದಕಲು ತಾನ್ಯಾರು ಎಂಬ ಅಳುಕು ಯಲಹಂಕದ ಆ ಸ್ಟುಡಿಯೋ ಮೆಟ್ಟಿಲು ಹತ್ತುವಾಗಲೆಲ್ಲ ಕಾಡುತ್ತಿತ್ತು.

"ಆಗ ಎಷ್ಟೋ ಮನೇಲಿ ಒಂದು ಫೋಟೋನೂ ಇರ್ತಿರ್ಲಿಲ್ಲ ಕಣಮ್ಮ. ಯಾರಾದ್ರೂ ಹೋಗ್ಬಿಟ್ರೆ ನನ್ನ ಕರ್ಯೋರು. ಕುರ್ಚಿ ಮೇಲೆ ಕೂರ್ಸಿ ತೆಗೀತಿದ್ದೆ."

"ಕಣ್ಣು ಮುಚ್ಚಿರತ್ತಲ್ಲ?"

"ಅದೇ ಕೆಲ್ಸ! ಬದುಕಿರೋರ ಕಣ್ಣಿನ ಫೋಟೋ ಕತ್ತರಿಸಿ ಅಂಟಿಸಿ, ಬ್ರಷ್ಷಲ್ಲಿ ಅಂಚು ಮುಚ್ಚಿ, ತಿರ್ಗಾ ಅದರ ಫೋಟೋ ತೆಗೆಯೋದು. ಒಬ್ಬರಿಗೂ ಗೊತ್ತಾಗ್ತಿರ್ಲಿಲ್ಲ."

ಒಳಗಿನಿಂದ ಹೆಂಡತಿ ಸಬೀರಾ ಕೂಗಿದಳು: "ಸತ್ತೋರೇ ವಾಸಿ. ನನ್ನ ಗಂಟೆಗಟ್ಲೆ ಕೂರ್ಸಿ ರೆಪ್ಪೆ ಬಡೀಬೇಡ ಅಂತಿದ್ರು ಇವ್ರು."

"ಲೈಟು ಹೊಂದ್ಬೇಕಲ್ಲ ಮಹಾರಾಣಿ!"

ಬಾಷಾ ನಗುತ್ತಲೇ ಒಂದು ಲಕೋಟೆ ಎಳೆದು, ಭೂತಗನ್ನಡಿ ಹಿಡಿದು ಮೇಲಿನ ಬರಹ ಓದಿದರು. "ತೊಂಬತ್ಮೂರು. ಜಾಲಹಳ್ಳಿ, ಫ್ಯಾಕ್ಟರಿ ಕ್ವಾರ್ಟರ್ಸು. ನಂದಕುಮಾರ್ ಮನೆ."

ಅದು ಮೋನಿಷಾಳ ಅಪ್ಪನ ಹೆಸರು. ಬೇರೆ ಯಾರಾದರೂ ಇರಬಹುದು ಎಂದುಕೊಂಡಳು.

ಬಾಷಾ ಲಕೋಟೆಯಿಂದ ನೆಗೆಟಿವ್ ಹೊರತೆಗೆದು ಬೆಳಕಿಗೆ ಹಿಡಿದರು. "ಎಳೇ ವಯಸ್ಸಿನ ಹೆಂಡ್ತಿ. ಜ್ವರ ಬಂದು ಹೋದ್ಲು. ಒಂದೂವರೆ ವರ್ಷದ ಹೆಣ್ಣು ಮಗು. ಕುರ್ಚೀಲಿ ಹೆಂಡ್ತಿ ಕತ್ತು ನಿಲ್ತಿರ್ಲಿಲ್ಲ. ಆ ಮನುಷ್ಯ ಹಿಂದೆ ಬಗ್ಗಿ ಕೂತು, ಸೆರಗಿನೊಳಗೆ ಕೈ ತೂರ್ಸಿ ಹಿಡ್ಕೊಂಡಿದ್ದ. ಭುಜದ ಮೇಲೆ ಉಬ್ಬು ಕಾಣತ್ತೆ ನೋಡು, ಅದವನ ಬೆರಳು."

ಮೋನಿಷಾಳ ಮನೆಯ ಗೋಡೆಯ ಮೇಲಿದ್ದ ಅಮ್ಮನ ಏಕೈಕ ಫೋಟೋದಲ್ಲೂ ಆ ಉಬ್ಬಿತ್ತು. ಸೀರೆಯ ಮಡಿಕೆ ಎಂದೇ ಅವಳು ತಿಳಿದಿದ್ದಳು. ಯುಗಾದಿಯ ದಿನ ತೆಗೆಸಿದ್ದು ಎಂದಿದ್ದರು ಅಪ್ಪ. ಪರೀಕ್ಷೆಗೆ ಹೊರಡುವಾಗ, ಕೆಲಸ ಸಿಕ್ಕಾಗ, ಮದುವೆ ಮುರಿದುಬಿದ್ದಾಗ ಅವಳು ಹೋಗಿ ನಿಂತದ್ದು ಆ ಎರಡು ಕಣ್ಣುಗಳ ಎದುರಿಗೆ. ಅಮ್ಮ ನೋಡುತ್ತಿದ್ದಾಳೆ ಎಂಬ ಒಂದೇ ಧೈರ್ಯಕ್ಕೆ.

"ಕಣ್ಣು ಯಾರದು?" ಅವಳು ಕೇಳಿದಳು.

"ಇನ್ಯಾರ್ದು? ನಮ್ಮ ಸಬೀರಾದು."

ಸಬೀರಾ ಚಹಾ ಹಿಡಿದು ಬಂದಳು. "ಸಕ್ರೆ ಸಾಕಾ ನೋಡಮ್ಮ" ಎಂದು ಬಗ್ಗಿದಳು. ಸುಕ್ಕುಗಳ ನಡುವಿನಿಂದ ಆ ಕಣ್ಣುಗಳು ಮೋನಿಷಾಳನ್ನು ನೋಡಿದವು. ಅದೇ ನೋಟ. ಆರು ದಿನ ಇವಳ ಕೈಯಿಂದ ಚಹಾ ಕುಡಿದಿದ್ದಳು. ಲೋಟ ತೆಗೆದುಕೊಳ್ಳಲು ಕೈ ಮೇಲೇಳಲಿಲ್ಲ.

"ಆ ಮಗು ನಾನೇ" ಎಂದಳು.

ಬಾಷಾರ ಕೈಯಲ್ಲಿ ಭೂತಗನ್ನಡಿ ಹಾಗೇ ನಿಂತಿತು. "ಯಾ ಅಲ್ಲಾ... ಮಗೂಗೆ ಯಾವತ್ತೂ ಗೊತ್ತಾಗ್ಬಾರ್ದು ಅಂತ ಮಾತು ತಗೊಂಡಿದ್ದ ಕಣಮ್ಮ ನಿಮ್ಮಪ್ಪ."

"ಆ ನೆಗೆಟಿವ್ ಕೊಡಿ."

"ಬೇಡ. ಇದು ಮೊದಲ್ನೇದು. ಕಣ್ಣು ಹಾಕಿಲ್ಲ."

"ಇರೋ ಹಾಗೇ ನೋಡ್ಬೇಕು ನಾನು."

ಬಾಷಾ ನೆಗೆಟಿವನ್ನು ಎದೆಗವುಚಿಕೊಂಡರು. ಸಬೀರಾ ಲೋಟ ಕೆಳಗಿಟ್ಟು, ಗಂಡನ ಬೆರಳುಗಳನ್ನು ಬಿಡಿಸಿ ನೆಗೆಟಿವ್ ತಂದುಕೊಟ್ಟಳು. "ಅವಳ ತಾಯಿ ಕಣ್ರೀ. ನಮ್ದಲ್ಲ."

ಮೋನಿಷಾ ಅದನ್ನು ಕಿಟಕಿಯ ಗಾಜಿಗೊತ್ತಿ ಹಿಡಿದು, ಮೊಬೈಲಿನಲ್ಲಿ ಚಿತ್ರ ತೆಗೆದು, ಕಪ್ಪು ಬಿಳುಪನ್ನು ಅದಲುಬದಲು ಮಾಡುವ ಗುಂಡಿ ಒತ್ತಿದಳು. ಅಪ್ಪನ ಬೆರಳುಗಳು ಸೆರಗಿನಡಿ ಸ್ಪಷ್ಟವಾಗಿದ್ದವು. ಮೇಲೆ ರೆಪ್ಪೆ ಮುಚ್ಚಿದ, ಕೆನ್ನೆ ಇಳಿಬಿದ್ದ ಒಂದು ಮುಖ. ಅವಳು ಅದನ್ನು ದೊಡ್ಡದು ಮಾಡಿದಳು, ಮತ್ತೆ ಚಿಕ್ಕದು ಮಾಡಿದಳು.

"ಅಮ್ಮಾ" ಎನ್ನಲು ಬಾಯಿ ತೆರೆದಳು. ಆ ಹೆಂಗಸಿನ ಗುರುತೇ ಅವಳಿಗೆ ಸಿಗಲಿಲ್ಲ.