ಹೀಟರಿನ ಹಿಂದಿನ ಜಾಗ

ಸರ್ವೆಯರ್ ಹಗಲೆಲ್ಲ ಊರವರ ಗಡಿ ಜಗಳ ಅಳೆಯುತ್ತಿದ್ದ. ಅಣ್ಣನ ಗೋಡೆ ತಮ್ಮನ ಜಾಗದೊಳಗೆ ಒಂದು ಗೇಣು ಬಂದಿದೆಯೆಂದು ದೂರು ಬಂದರೆ ಟೇಪು ಹಿಡಿದು ಹೋಗಿ, ಇಬ್ಬರ ಬೈಗುಳವನ್ನೂ ಸಮನಾಗಿ ತಿಂದು, ನಡುವೆ ಒಂದು ಗೂಟ ಹೊಡೆದು ಬರುತ್ತಿದ್ದ. ತಾನು ಬೆನ್ನು ತಿರುಗಿಸಿದ ಮೇಲೆ ಗೂಟ ಅಲ್ಲಿ ಉಳಿಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಇಷ್ಟು ವರ್ಷದ ನೌಕರಿ ಅವನಿಗೆ ಕಲಿಸಿದ್ದು ಒಂದೇ ಪಾಠ: ಗಡಿ ಇದ್ದಲ್ಲಿ ಜಗಳ ಇರುತ್ತದೆ. ಇದನ್ನು ಆಫೀಸಿನಲ್ಲಿ ಹೇಳುವಂತಿರಲಿಲ್ಲ. ಹೇಳಿದರೆ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ.

ಆ ಪಾಠ ಕೈಹಿಡಿದದ್ದು ಮನೆಯ ಅಕ್ವೇರಿಯಂನಲ್ಲಿ. ಮುಂದಿನ ಕೋಣೆಯ ಒಂದಿಡೀ ಗೋಡೆಯನ್ನು ನುಂಗಿಕೊಂಡು ಕೂತಿದ್ದ ಆ ಗಾಜಿನ ತೊಟ್ಟಿಯಲ್ಲಿ ಮೇಲ್ಗಡೆ ಕತ್ತಿಯಂಥ ಅರೋವಾನ, ನಡುವೆ ಬೆಂಕಿ ಬಣ್ಣದ ಎರಡು ಆಸ್ಕರ್, ಕೆಳಗೆ ಹಣೆಯ ಮೇಲೆ ಗುಡ್ಡ ಹೊತ್ತ ಫ್ಲವರ್‌ಹಾರ್ನ್. ಎಲ್ಲವೂ ದೊಡ್ಡ ಮೀನುಗಳು, ಎಲ್ಲವೂ ಕಚ್ಚುವಂಥವು. ಮೀನಿನಂಗಡಿಯವನು ಮೊದಲೇ ಎಚ್ಚರಿಸಿದ್ದ, ಒಂದು ಒರೆಗೆ ಒಂದೇ ಕತ್ತಿ ಸಾರ್, ಆಮೇಲೆ ನನ್ನನ್ನು ಕೇಳಬೇಡಿ ಎಂದು. ಸರ್ವೆಯರ್ ಕೇಳಲಿಲ್ಲ. ಹೊಸ ಮೀನು ತಂದಾಗಲೆಲ್ಲ ಅವನು ಹಳೆಯವನ್ನೂ ಹಿಡಿದು ಬಕೆಟ್ಟಿಗೆ ಹಾಕುತ್ತಿದ್ದ. ತೊಟ್ಟಿಯೊಳಗಿನ ಕಲ್ಲು, ಮರದ ತುಂಡುಗಳನ್ನೆಲ್ಲ ಎತ್ತಿ ಬೇರೆ ಬೇರೆ ಕಡೆ ಇಡುತ್ತಿದ್ದ. ದೀಪ ಆರಿಸಿ ಎಲ್ಲವನ್ನೂ ಒಟ್ಟಿಗೆ ಒಳಕ್ಕೆ ಬಿಡುತ್ತಿದ್ದ. ಬೆಳಗಾದರೆ ಎಲ್ಲರಿಗೂ ಅದು ಹೊಸ ಊರು. ಇದು ನನ್ನ ಬಂಡೆ, ಅದು ನನ್ನ ಮೂಲೆ ಎನ್ನಲು ಯಾರಿಗೂ ಬಾಯಿಲ್ಲ. ಮೀನಿನ ಹುಚ್ಚಿನವರು ದೂರದಿಂದ ಬಂದು ಈ ಶಾಂತಿಯನ್ನು ನೋಡಿ ತಲೆದೂಗಿ ಹೋಗುತ್ತಿದ್ದರು.

ಒಂದು ಬೂದು ಮೀನು ಮಾತ್ರ ನೀರು ಬೆಚ್ಚಗಿಡುವ ಹೀಟರಿನ ಹಿಂದೆ, ಮೂಲೆಯಲ್ಲಿ ಮೂತಿ ಮೇಲೆ ಮಾಡಿಕೊಂಡು ನಿಂತಿರುತ್ತಿತ್ತು. ಬಾಲ ಹರಿದು ಚಿಂದಿಯಾಗಿದ್ದರಿಂದ ಅದಕ್ಕೆ ಹರಕ ಎಂದು ಹೆಸರು. ಆ ದಾರಿಯಲ್ಲಿ ಹೋಗುವ ಮೀನುಗಳೆಲ್ಲ ಒಂದೊಂದು ಏಟು ಕೊಟ್ಟೇ ಮುಂದೆ ಹೋಗುತ್ತಿದ್ದವು. ಬಂದವರು ಕೇಳಿದರೆ, ಅದಕ್ಕೆ ಏಕಾಂತ ಇಷ್ಟ ಎಂದು ಸರ್ವೆಯರ್ ಹೇಳುತ್ತಿದ್ದ.

ಹೀಗಿರುವಾಗ ಅವನ ಅತ್ತೆಯ ಮಂಡಿ ಕೈಕೊಟ್ಟಿತು. ನಾಲ್ಕನೆಯ ಮಹಡಿಯ ಮನೆ ಹತ್ತಿಳಿಯಲಾಗದೆ ಮಗಳ ಮನೆಗೇ ಬರುವುದೆಂದಾಯಿತು. ಮಗಳ ಮನೆಯಲ್ಲಿ ಇದ್ದದ್ದು ಎರಡು ಮಲಗುವ ಕೋಣೆ. ಒಂದರಲ್ಲಿ ಆಗಲೇ ಸರ್ವೆಯರ್‌ನ ತಾಯಿ ಇದ್ದರು. ಈ ಬೀಗಿತ್ತಿಯರಿಬ್ಬರೂ ಮಾತುಬಿಟ್ಟದ್ದಕ್ಕೆ ಮದುವೆಯಷ್ಟೇ ವಯಸ್ಸಾಗಿತ್ತು. ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ಉಡುಗೊರೆಯಾಗಿ ಬಂದ ಹೊದಿಕೆ ತೆಳುವಾಯಿತು ಎಂದು ಅವನ ತಾಯಿ ಅಂದಿದ್ದರು. ಹೊದ್ದುಕೊಳ್ಳುವವರ ಚರ್ಮ ದಪ್ಪಗಿದೆಯಲ್ಲ, ಸರಿಹೋಗುತ್ತದೆ ಎಂದು ಅತ್ತೆ ಅಂದಿದ್ದರು. ಅಲ್ಲಿಗೆ ಮುಗಿದಿತ್ತು.

ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಅವನ ಹೆಂಡತಿ ಸುತ್ತಿ ಬಳಸಿ ಮಾತಾಡುವವಳಲ್ಲ.

"ನೋಡ್ರೀ, ಇಬ್ಬರೂ ಒಂದು ಕೋಣೆಯಲ್ಲಿ ಹೊಂದಿಕೊಂಡ್ರೆ ಸರಿ. ಇಲ್ಲಾಂದ್ರೆ ಈ ತೊಟ್ಟಿ ಹೋಗುತ್ತೆ, ಆ ಜಾಗದಲ್ಲಿ ನಮ್ಮಮ್ಮನ ಮಂಚ ಬರುತ್ತೆ."

ಸರ್ವೆಯರ್ ಆ ಸಂಜೆ ಗಾಜಿನ ಮುಂದೆ ಬಹಳ ಹೊತ್ತು ಕೂತ. ಅರೋವಾನ ಅತ್ತಿಂದಿತ್ತ ಹೋಗಿಬರುತ್ತಿತ್ತು. ಇಷ್ಟು ರಾಕ್ಷಸರನ್ನು ಒಟ್ಟಿಗೆ ಸಾಕಿದವನಿಗೆ ಇಬ್ಬರು ಮುದುಕಿಯರು ಯಾವ ಲೆಕ್ಕ ಅನ್ನಿಸಿತು.

ಅತ್ತೆ ಬರುವ ದಿನ ಅವನು ರಜೆ ಹಾಕಿದ. ತಾಯಿಯನ್ನು ಹೆಂಡತಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಬರುವಾಗ ದಾರಿಯಲ್ಲಿ ಅತ್ತೆಯನ್ನೂ ಹತ್ತಿಸಿಕೊಂಡು ಬರುವುದಿತ್ತು. ಬಾಗಿಲು ಮುಚ್ಚಿದ ಕೂಡಲೇ ಅವನು ಟೇಪು ಹೊರತೆಗೆದ. ಕೋಣೆಯಲ್ಲಿ ಎರಡು ಮಂಚಗಳನ್ನು ಕಿಟಕಿಯಿಂದ ಒಂದೇ ಅಳತೆಯ ದೂರಕ್ಕೆ ಎಳೆದು ಹಾಕಿದ. ತಾಯಿ ಕೂತು ಕೂತು ಗುಳಿ ಬಿದ್ದಿದ್ದ ಕುರ್ಚಿಯನ್ನು ಬಾಲ್ಕನಿಗೆ ಸಾಗಿಸಿದ. ಬೀರುವಿನ ಮುಖ ತಿರುಗಿಸಿದ. ಅಡುಗೆಮನೆಗೆ ಹೋಗಿ ಮೇಲಿನ ಡಬ್ಬಿ ಕೆಳಕ್ಕೆ, ಕೆಳಗಿನದು ಮೇಲಕ್ಕೆ, ಪಾತ್ರೆ ಇದ್ದಲ್ಲಿ ಲೋಟ, ಲೋಟ ಇದ್ದಲ್ಲಿ ಚಾಕು. ಕೊನೆಗೆ ಪರದೆ ಎಳೆದು ದೀಪ ಆರಿಸಿ ಕಾದು ಕೂತ. ಮೀನಿಗಾದರೂ ಇದಕ್ಕಿಂತ ಹೆಚ್ಚು ಮಾಡಿರಲಿಲ್ಲ.

ಬಂದವರು ಕತ್ತಲಲ್ಲಿ ಬೀರುವಿನ ಬೆನ್ನಿಗೆ ಡಿಕ್ಕಿ ಹೊಡೆದರು. ದೀಪ ಹಾಕಿದ ತಾಯಿ ಹೊಸ್ತಿಲಲ್ಲೇ ನಿಂತರು.

"ಏನೋ ಇದು, ಮನೆ ಖಾಲಿ ಮಾಡ್ತಿದ್ದೀವಾ?"

ಸರ್ವೆಯರ್ ಉತ್ಸಾಹದಿಂದ ವಿವರಿಸಿದ. ಇನ್ನು ಮೇಲೆ ಇಲ್ಲಿ ಹಳಬರು ಹೊಸಬರು ಎಂಬುದಿಲ್ಲ, ಯಾರ ಜಾಗವೂ ಯಾರದ್ದಲ್ಲ ಎಂದ. ಮೀನಿನ ಉದಾಹರಣೆಯನ್ನೂ ಕೊಟ್ಟ. ಕೊಡಬಾರದಿತ್ತು. ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮದುವೆಯಾದಾಗಿನಿಂದ ಮೊದಲ ಸಲ ಬೀಗಿತ್ತಿಯ ಕಡೆ ತಿರುಗಿದರು.

"ಅಳಿಯಂದ್ರು ಮೊದಲಿಂದ್ಲೂ ಹೀಗೇನಾ?"

"ಹುಟ್ಟಿದಾಗ ಚೆನ್ನಾಗೇ ಇದ್ದ," ಎಂದರು ತಾಯಿ.

ಆ ಸಂಜೆ ಮೊದಲ ಚಹಾಕ್ಕೆ ಉಪ್ಪು ಬಿತ್ತು. ಎರಡನೆಯದಕ್ಕೆ ಸಕ್ಕರೆ ಹುಡುಕುತ್ತ ಇಬ್ಬರೂ ಅಡುಗೆಮನೆಯ ಪ್ರತಿಯೊಂದು ಡಬ್ಬಿಯನ್ನೂ ತೆಗೆದರು. ಒಬ್ಬರು ಮುಚ್ಚಳ ಬಿಚ್ಚುವುದು, ಇನ್ನೊಬ್ಬರು ಮೂಸುವುದು. ಸಕ್ಕರೆ ಸಿಕ್ಕುವ ಹೊತ್ತಿಗೆ ಸರ್ವೆಯರ್‌ನ ಬಾಲ್ಯದ ದಡ್ಡತನಗಳೆಲ್ಲ ಒಂದು ಸುತ್ತು ಹೇಳಿ ಆಗಿತ್ತು.

ವಿದ್ಯೆ ಫಲಿಸಿತು. ಬೀಗಿತ್ತಿಯರು ಕೂಡಿ ಮನೆಯನ್ನು ತಮಗೆ ಬೇಕಾದ ಹಾಗೆ ಜೋಡಿಸಿಕೊಂಡರು. ಕಿಟಕಿ ಇಬ್ಬರದೂ ಆಯಿತು. ಸರ್ವೆಯರ್ ಆಫೀಸಿನಲ್ಲಿ, ಮೀನಿನಂಗಡಿಯಲ್ಲಿ ಎದೆಯುಬ್ಬಿಸಿ ಹೇಳಿಕೊಂಡ. ಅವನ ಕುರ್ಚಿ ಮಾತ್ರ ಬಟ್ಟೆ ಒಣಗಿಸಲು ಹೋಯಿತು. ಅವನು ಉಂಡರೆ ಸದ್ದು, ಕೆಮ್ಮಿದರೆ ನಾಟಕ, ಸುಮ್ಮನಿದ್ದರೆ ಸೊಕ್ಕು. ಅತ್ತೆಯ ಬಾಯಲ್ಲಿ 'ಅಳಿಯಂದ್ರು' ಆಗಿದ್ದವನು 'ಇವರು' ಆಗಿ, 'ಇವರು' ಹೋಗಿ 'ಇವನು' ಆದ. ಅವನು ತೊಟ್ಟಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ಸ್ಟೂಲು ಹಾಕಿಕೊಂಡು, ಹೀಟರಿನ ವೈರಿನ ಪಕ್ಕ ಪೇಪರು ಓದತೊಡಗಿದ. ಹೆಂಡತಿ ಕೇಳಿದ್ದಕ್ಕೆ, ಇಲ್ಲಿ ಬೆಳಕು ಚೆನ್ನಾಗಿದೆ ಎಂದ. ಅಲ್ಲಿ ಬೆಳಕಿರಲಿಲ್ಲ.

ಅಷ್ಟರಲ್ಲಿ ಆಫೀಸು ಅವನನ್ನು ದೂರದ ಊರಿನ ಅಳತೆಗೆ ಕೆಲವು ದಿನ ಕಳಿಸಿತು. ಹೋದವನಿಗೆ ಅಲ್ಲಿ ಒಳ್ಳೆಯ ನಿದ್ದೆ ಬಂತು. ಊಟ ಬಿಸಿಯಾಗಿತ್ತು. ಇನ್ನೂ ನಾಲ್ಕು ದಿನ ಇದ್ದುಬಿಡಲೇ ಎಂದು ಯೋಚಿಸುತ್ತಿರುವಾಗ ಹೆಂಡತಿಯ ಫೋನು ಬಂತು. ಒಬ್ಬರು ಕಿಟಕಿ ತೆಗೆದರೆ ಇನ್ನೊಬ್ಬರು ಮುಚ್ಚುತ್ತಾರಂತೆ. ಹೊದಿಕೆಯ ಮಾತು ಮತ್ತೆ ಎದ್ದಿತಂತೆ. ಇಬ್ಬರೂ ಬೇರೆ ಬೇರೆ ಒಲೆ ಕೇಳುತ್ತಿದ್ದಾರಂತೆ.

"ತೊಟ್ಟಿ ತೆಗೆಯೋದಕ್ಕೆ ನಾಳೆ ಬೆಳಿಗ್ಗೆ ಜನ ಬರ್ತಾರೆ. ಬೇಜಾರು ಮಾಡ್ಕೋಬೇಡಿ. ನನ್ನ ಕೈಲಿ ಆಗ್ತಿಲ್ಲ."

ಅಂದೇ ಸಂಜೆಗೆ ಅವನು ಮನೆ ಮುಟ್ಟಿದ. ಬೂಟು ಬಾಗಿಲಲ್ಲೇ ಬಿಚ್ಚಿ, ಆಗಷ್ಟೇ ಒರೆಸಿದ ನೆಲದ ಮೇಲೆ ತುದಿಗಾಲಲ್ಲಿ ತೊಟ್ಟಿಯ ಹತ್ತಿರ ಹೋದ. ಒಳಗೆ ಯುದ್ಧ ನಡೆಯುತ್ತಿತ್ತು. ಒಂದು ಆಸ್ಕರ್‌ನ ಕಣ್ಣು ಊದಿತ್ತು, ಫ್ಲವರ್‌ಹಾರ್ನ್‌ನ ಗುಡ್ಡದ ಮೇಲೆ ಕಚ್ಚಿದ ಗಾಯ, ಅರೋವಾನದ ಹುರುಪೆಗಳು ನೀರಲ್ಲಿ ತೇಲುತ್ತಿದ್ದವು. ಹೀಟರಿನ ಹಿಂದೆ ಯಾರೂ ಇರಲಿಲ್ಲ.

ಹರಕನನ್ನು ನೋಡಿ ಪಾಪ ಅನ್ನಿಸಿತು, ಎಲ್ಲವೂ ಅದನ್ನೇ ಕಚ್ಚುತ್ತವಲ್ಲ ಎಂದು, ನೀವು ಹೋದ ದಿನವೇ ತೆಗೆದು ಬಕೆಟ್ಟಿಗೆ ಬಿಟ್ಟೆ ಎಂದಳು ಹೆಂಡತಿ. ಬಕೆಟ್ಟಿನಲ್ಲಿ ಅದು ರೆಕ್ಕೆ ಬಿಚ್ಚಿಕೊಂಡು ಆರಾಮವಾಗಿ ಸುತ್ತು ಹಾಕುತ್ತಿತ್ತು. ಹರಿದ ಬಾಲದ ಅಂಚಿನಲ್ಲಿ ತೆಳ್ಳಗೆ ಹೊಸ ಚರ್ಮ ಬಂದಿತ್ತು.

ಸರ್ವೆಯರ್ ಅದನ್ನು ಬಹಳ ಹೊತ್ತು ನೋಡಿದ. ಒಳಗಿನ ಕೋಣೆಯಿಂದ ಕಿಟಕಿ ದಢಾರನೆ ಮುಚ್ಚಿದ ಸದ್ದು ಬಂತು, ಅದರ ಬೆನ್ನಿಗೇ ತೆಗೆದ ಸದ್ದು. ಅವನು ಬಲೆ ತಂದು ಹರಕನನ್ನು ಎತ್ತಿ ತೊಟ್ಟಿಗೆ ಬಿಟ್ಟ. ಒಂದು ಕ್ಷಣ ಎಲ್ಲವೂ ಸ್ತಬ್ಧ. ಆಮೇಲೆ ಊದಿದ ಕಣ್ಣಿನ ಆಸ್ಕರ್ ಬಂದು ಅದಕ್ಕೊಂದು ಏಟು ಕೊಟ್ಟಿತು, ಫ್ಲವರ್‌ಹಾರ್ನ್ ಇನ್ನೊಂದು ಕೊಟ್ಟಿತು. ಹರಕ ದಾರಿ ಮರೆತಿರಲಿಲ್ಲ; ನೆಟ್ಟಗೆ ಹೀಟರಿನ ಹಿಂದೆ ಹೋಗಿ ಮೂತಿ ಮೇಲೆ ಮಾಡಿ ನಿಂತಿತು. ನೀರು ತಿಳಿಯಾಗುತ್ತ ಬಂತು.

"ನಾಳೆ ಬರೋರಿಗೆ ಬೇಡ ಅಂತ ಫೋನ್ ಮಾಡು," ಎಂದ.

"ಅಲ್ಲಿ ಅವರಿಬ್ಬರೂ..."

"ನಾನು ನೋಡ್ಕೋತೀನಿ."

ಅವನು ಬಾಗಿಲಿಗೆ ಹೋಗಿ, ಗದ್ದೆಯ ಕೆಸರು ಅಂಟಿದ ಬೂಟುಗಳನ್ನು ಮತ್ತೆ ಹಾಕಿಕೊಂಡು ಲೇಸು ಬಿಗಿದ. ಒರೆಸಿದ ನೆಲದ ನಡುಮಧ್ಯದಲ್ಲಿ ಹೆಜ್ಜೆಯೂರುತ್ತ ಒಳಗಿನ ಕೋಣೆಗೆ ನಡೆದ. ಬೀಗಿತ್ತಿಯರು ಬೆನ್ನಿಗೆ ಬೆನ್ನು ಮಾಡಿ ತಮ್ಮ ತಮ್ಮ ಮಂಚದ ಮೇಲೆ ಕೂತಿದ್ದರು. ಅವನು ತಾಯಿಯ ಮಂಚಕ್ಕೆ ಹೋಗಿ, ಮಡಿಸಿಟ್ಟಿದ್ದ ಆ ತೆಳು ಹೊದಿಕೆಯನ್ನು ಬಿಡಿಸಿ ಹಾಸಿ, ಬೂಟುಗಾಲು ಮೇಲಿಟ್ಟು ಮಲಗಿದ.

ಎರಡು ತಲೆಗಳೂ ಒಟ್ಟಿಗೆ ತಿರುಗಿದವು.

"ಬೀಗಿತ್ತಿ, ಇವನ ಅವತಾರ ನೋಡಿದ್ರಾ?" ಎಂದರು ಅತ್ತೆ.

"ನಾನು ಹೆತ್ತಿದ್ದೀನಿ, ನೋಡದೆ ಇರ್ತೀನಾ," ಎಂದು ತಾಯಿ ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ ಕೂತರು.

ಸರ್ವೆಯರ್ ಮೂತಿ ಮೇಲೆ ಮಾಡಿ ಕಣ್ಣು ಮುಚ್ಚಿದ.