ಹತ್ತಕ್ಕೆ ಎರಡು

"ನೋವು ಯಾವಾಗಿಂದ?" ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದುಕೊಂಡೇ ಡಾಕ್ಟರು ಕೇಳಿದರು.

"ಹದಿನೈದು ದಿನ ಆಗಿರ್ಬೇಕು," ಎಂದ ತರಬೇತುದಾರ.

"ನಿಮ್ಮನ್ನಲ್ಲ, ನಿಮ್ಮ ಮಗಳನ್ನ ಕೇಳಿದ್ದು."

ಹದಿನಾರರ ಹುಡುಗಿ ಅಪ್ಪನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. "ಹೋದ ವರ್ಷದ ಪರೀಕ್ಷೆಗೆ ಮುಂಚೆಯಿಂದ."

ತರಬೇತುದಾರ ಕುರ್ಚಿಯ ಅಂಚಿಗೆ ಸರಿದು ಹಾಳೆಯತ್ತ ಬಗ್ಗಿದ. ಸೊಂಟದ ಹತ್ತಿರ ಬೆನ್ನುಮೂಳೆಯ ಎರಡೂ ಬದಿಗೆ ಬಿರುಕು ಬಿಟ್ಟು, ಮೂಳೆ ಮುಂದಕ್ಕೆ ಜಾರಿತ್ತು. ಮೊದಲೇ ಬಂದಿದ್ದರೆ ನಾಲ್ಕು ತಿಂಗಳ ವಿಶ್ರಾಂತಿಯಲ್ಲೇ ಕೂಡಿಕೊಳ್ಳುತ್ತಿತ್ತಂತೆ. ಇನ್ನು ಎತ್ತರ ಜಿಗಿತದ ಮಾತೇ ಬೇಡ, ಬಗ್ಗಿ ಬಕೆಟ್ ಎತ್ತುವಾಗಲೂ ಹುಷಾರಾಗಿರಬೇಕು ಎಂದರು ಡಾಕ್ಟರು.

ಮಕ್ಕಳನ್ನು ಬೈದು ಬಡಿದು ದುಡಿಸುವ ತರಬೇತುದಾರರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬೆಳೆಯುವ ಎಲುಬಿಗೆ ಅವಸರ ಮಾಡಬಾರದು ಎಂದು ಕೇಳಿದವರಿಗೂ ಕೇಳದವರಿಗೂ ಉಪದೇಶ ಮಾಡುತ್ತಿದ್ದ. ಅವನ ವ್ಯಾಯಾಮಶಾಲೆಯಲ್ಲಿ ಬೆಳಗ್ಗೆ ಬಾರ್‌ಬೆಲ್ ಮುಟ್ಟುವ ಮೊದಲು ಪ್ರತಿ ಹುಡುಗಿಯೂ ತನ್ನ ನೋವು ಹತ್ತಕ್ಕೆ ಎಷ್ಟೆಂದು ಹಲಗೆಯ ಮೇಲೆ ಬರೆಯಬೇಕಿತ್ತು. ಮೂರು ದಾಟಿದವಳು ಅಂದು ತೂಕ ಎತ್ತುವಂತಿಲ್ಲ. ಒಂದೇ ಸಮನೆ ಮೂರು ದಿನ ದಾಟಿದರೆ ಮುಂದಿನ ಕ್ರೀಡಾಕೂಟಕ್ಕೆ ಅವಳ ಹೆಸರಿಲ್ಲ. ಎರಡು ವರ್ಷದಿಂದ ನನ್ನಲ್ಲಿ ಒಬ್ಬಳಿಗೂ ಪೆಟ್ಟಾಗಿಲ್ಲ ಎಂದು ಜಂಬ ಬೇರೆ.

ಹೊರಗೆ ಆಸ್ಪತ್ರೆಯ ಪಡಸಾಲೆಯ ಬೆಂಚಿನಲ್ಲಿ ಕೂತಾಗ ಕೇಳಿದ, "ಯಾಕೆ ಹೇಳ್ಲಿಲ್ಲ ಪುಟ್ಟಾ?"

"ಹೇಳಿದ್ರೆ ನೀನು ನನ್ನನ್ನ ಆಡಿಸ್ದೆ ಕೂರಿಸಿಬಿಡ್ತಿದ್ದೆ."

"ಅದು ನಿನ್ನ ಒಳ್ಳೇದಕ್ಕೇ ಅಲ್ವೇನೆ?"

"ಈಟಿ ಎಸೆಯೋ ಅಕ್ಕ ಪಾಪ, ನಿಜ ಬರೆದ್ಲು. ಕೂಟನೂ ಹೋಯ್ತು, ಅವಳೂ ಬಿಟ್ಟುಹೋದ್ಲು. ಆವಾಗ್ಲೇ ನಾವೆಲ್ಲ ಮಾತಾಡ್ಕೊಂಡಿದ್ದು. ಸೊನ್ನೆ ಬರೆದ್ರೆ ನಿನಗೆ ಅನುಮಾನ ಬರುತ್ತೆ. ಎರಡು ಬರೆದ್ರೆ ಶಭಾಷ್ ಅಂತಿದ್ದೆ."

"ಎಲ್ಲರೂನಾ?"

"ಹೂಂ. ಎಲ್ಲರೂ."

ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹನ್ನೊಂದು ಹುಡುಗಿಯರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಯಾರಿಗೆ ಮಂಡಿ, ಯಾರಿಗೆ ಭುಜ, ಯಾರಿಗೆ ಸೊಂಟ, ಒಂದೂ ಅವನಿಗೆ ಗೊತ್ತಿರಲಿಲ್ಲ. ಕಾಪಾಡುತ್ತೇನೆಂದು ಹೊರಟವನು ಅವರಿಗೆಲ್ಲ ಸುಳ್ಳು ಹೇಳುವುದನ್ನು ಅಚ್ಚುಕಟ್ಟಾಗಿ ಕಲಿಸಿಟ್ಟಿದ್ದ.

ಲಿಫ್ಟಿನ ಮುಂದೆ ಗಾಲಿಮಂಚಗಳು ಸಾಲಾಗಿ ನಿಂತಿದ್ದವು. "ಮೆಟ್ಟಿಲಲ್ಲೇ ಹೋಗೋಣ ಬಾ," ಎಂದು ಮಗಳೇ ಎದ್ದಳು. ಅವನು ಅವಳಿಗಿಂತ ಒಂದು ಮೆಟ್ಟಿಲು ಮುಂದೆ ಇಳಿದ. ಅವಳು ಎರಡೂ ಕೈಯಿಂದ ಕಂಬಿ ಹಿಡಿದು ಒಂದು ಕಾಲು ಇಟ್ಟಳು, ಸ್ವಲ್ಪ ತಡೆದು, ಅದೇ ಮೆಟ್ಟಿಲಿಗೆ ಇನ್ನೊಂದು ಕಾಲು ತಂದಳು. ತುಟಿಯ ಮೇಲೆ ಬೆವರು ಮೂಡಿತ್ತು.

"ತುಂಬಾ ನೋಯ್ತಿದ್ಯಾ?"

"ಇಲ್ಲಪ್ಪ," ಎಂದಳು ಅವಳು, ಥಟ್ಟನೆ, ನಗುನಗುತ್ತ.

ಅವನು ತಲೆಯಾಡಿಸಿ ಮುಂದಿನ ಮೆಟ್ಟಿಲಿಗೆ ಇಳಿದು, ಕಾಯುತ್ತ ನಿಂತ.